ಸಿಲೋನಿಗೆ ಹೋಗಿಬಂದ ನಾಲಿಗೆ

ಆಗ ನನಗೆ ಇಪ್ಪತ್ತಮೂರು. ಅದಾಗಿ ಅರವತ್ತು ವರ್ಷದ ಮೇಲಾಯಿತು. ನನ್ನ ನಾಲಿಗೆಯ ಮೇಲೆ ಸುಟ್ಟ ಕಲೆ ಇಲ್ಲ. ಅನುಮಾನವಿದ್ದವರು ಬಂದು ನೋಡಬಹುದು, ಚಾಚಿ ತೋರಿಸುತ್ತೇನೆ.

ತಂಗಿಯ ಮೊಮ್ಮಗಳು ಗಂಡನ ಜೊತೆ ಸಿಲೋನಿಗೆ ಹೋಗುತ್ತಾಳಂತೆ. ಈಗ ಅದಕ್ಕೆ ಶ್ರೀಲಂಕಾ ಅನ್ನುತ್ತಾರೆ. ‘ಅಜ್ಜಿ, ನೀನು ಹೋಗಿಬಂದವಳು. ಏನು ನೋಡಬೇಕು, ಏನು ತಿನ್ನಬೇಕು ಬರೆದುಕೊಡು’ ಅಂದಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹೆಂಡತಿ ಬಿಡುವಾದಾಗ ಕಲಿಸಿದ್ದಷ್ಟೇ ನನ್ನ ಓದು. ಒತ್ತಕ್ಷರ ಬಂದರೆ ಇವತ್ತಿಗೂ ಕೈ ನಿಲ್ಲುತ್ತದೆ. ಆದರೂ ಬರೆದಿದ್ದೇನೆ. ಅವಳು ಕೇಳಿದ್ದೂ ಇದರಲ್ಲಿದೆ, ಕೇಳದೆ ಇದ್ದದ್ದೂ ಇದೆ. ದೇಶ ನೋಡಿದ್ದನ್ನು ಮಾತ್ರ ಬರೆದು, ನೋಡಿ ಬಂದದ್ದಕ್ಕೆ ಊರು ಏನು ಮಾಡಿತು ಅನ್ನುವುದನ್ನು ಬಿಡುವ ಹೆಂಗಸು ನಾನಲ್ಲ.

ನಮ್ಮದು ಹೆಗ್ಗದ್ದೆ ಕಡೆಯ ಹಳ್ಳಿ. ನನ್ನನ್ನು ಪಾಳ್ಯದ ಕಡೆ ಕೊಟ್ಟಿದ್ದರು. ಗಂಡ ಕುಡಿದಾಗಲೂ ಕೈ ಎತ್ತುತ್ತಿದ್ದ, ಕುಡಿಯದಿದ್ದಾಗಲೂ ಎತ್ತುತ್ತಿದ್ದ. ಒಂದು ದಿನ ನಾನೂ ಕೈ ಎತ್ತಿ, ಆಮೇಲೆ ಸೀರೆ ಗಂಟು ಕಟ್ಟಿಕೊಂಡು ಬಂದುಬಿಟ್ಟೆ. ಊರಿನವರು ‘ಗಂಡ ಬಿಟ್ಟವಳು’ ಅನ್ನುತ್ತಿದ್ದರು. ಬಿಟ್ಟವನು ಅವನಲ್ಲ, ನಾನು. ಅಪ್ಪ ತೀರಿಕೊಂಡಿದ್ದ, ತಂಗಿ ಮದುವೆಯಾಗಿ ಹೋಗಿದ್ದಳು. ಮನೆಯಲ್ಲಿ ಅವ್ವ, ನಾನು, ಹಳ್ಳದ ಪಕ್ಕ ಒಂದು ತುಂಡು ಗದ್ದೆ. ಆ ಗದ್ದೆಯ ಅಕ್ಕಿಯಲ್ಲೇ ವರ್ಷ ಕಳೆಯಬೇಕು. ಮಿಕ್ಕಂತೆ ನಾನು ಮೇಲಿನ ಎಸ್ಟೇಟಿನ ಬಂಗಲೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ.

ಆ ವರ್ಷ ಹೂಮಳೆ ಚೆನ್ನಾಗಿ ಬಿದ್ದು, ಕಾಫಿ ಕಾಯಿ ಕಚ್ಚಿತು. ಸಾಹುಕಾರರಿಗೆ ಖುಷಿ. ಸಿಲೋನಿನ ಬೆಟ್ಟದಲ್ಲಿ ಅವರ ಸ್ನೇಹಿತರೊಬ್ಬರು ಟೀ ಎಸ್ಟೇಟ್ ನೋಡಿಕೊಳ್ಳುತ್ತಿದ್ದರು, ಬನ್ನಿ ಬನ್ನಿ ಅಂತ ಕರೆಯುತ್ತಲೇ ಇದ್ದರು. ಸಾಹುಕಾರರ ಹೆಂಡತಿ ಅಮ್ಮಾವ್ರ ಕಂಕುಳಲ್ಲಿ ಕೈಗೂಸು. ಎತ್ತಿಕೊಳ್ಳಲು ಒಬ್ಬರು ಬೇಕು. ಗಂಡನಿಲ್ಲದ, ಮಕ್ಕಳಿಲ್ಲದ, ಗಟ್ಟಿ ತೋಳಿನ ನಾನು ಸಿಕ್ಕಿದೆ.

‘ಬರ್ತೀಯೇನೇ, ಸಮುದ್ರ ದಾಟಬೇಕು’ ಅಂದರು ಅಮ್ಮಾವ್ರು.

‘ನಡ್ಕೊಂಡಾ?’ ಅಂದೆ.

ಕಾಗದ ಪತ್ರವೆಲ್ಲ ಸಾಹುಕಾರರು ಮಾಡಿಸಿದರು. ತೋಳಿಗೆ ಸೂಜಿ ಚುಚ್ಚಿಸಿಕೊಂಡು ಜ್ವರ ಬಂದದ್ದು ನನಗೆ. ಹೊರಟೆವು.

ಈಗ ಹೋಗುವವರು ವಿಮಾನದಲ್ಲಿ ಹೋಗುತ್ತಾರೆ, ಇಳಿಯುತ್ತಾರೆ. ನಾವು ರೈಲಿನ ಮೇಲೆ ರೈಲು ಬದಲಾಯಿಸಿ ಧನುಷ್ಕೋಟಿಗೆ ಹೋದೆವು. ಅಲ್ಲಿ ಕಂಬಿ ಮುಗಿಯುತ್ತಿತ್ತು, ಹಡಗು ಶುರುವಾಗುತ್ತಿತ್ತು. ಆಮೇಲೆ ಆ ಊರನ್ನೇ ಸಮುದ್ರ ನುಂಗಿತು ಅಂತ ಕೇಳಿದೆ. ಹಡಗಿನಲ್ಲಿ ಸಾಹುಕಾರರು ವಾಂತಿ ಮಾಡಿದರು, ಅಮ್ಮಾವ್ರು ವಾಂತಿ ಮಾಡಿದರು, ಕೂಸು ಮಲಗಿತ್ತು. ನನಗೆ ಏನೂ ಆಗಲಿಲ್ಲ. ನಮ್ಮ ಕಡೆಯ ಘಾಟಿ ರಸ್ತೆಯಲ್ಲಿ ಲಾರಿಯ ಹಿಂದೆ ಮೂಟೆಗಳ ಮೇಲೆ ಕೂತು ಓಡಾಡಿದವಳಿಗೆ ಹಡಗು ಯಾವ ಲೆಕ್ಕ?

ನೋಡುವುದು ಬೇಕಾದಷ್ಟಿದೆ. ಕೊಲಂಬೊದಲ್ಲಿ ಸಂಜೆ ಹೊತ್ತು ಜನ ಸಮುದ್ರದ ಮುಂದೆ ಸುಮ್ಮನೆ ಕೂರುತ್ತಾರೆ. ಅಲ್ಲಿನ ಕಾಗೆಗಳಿಗೆ ನಾಚಿಕೆಯಿಲ್ಲ, ಕೈಯಲ್ಲಿರುವ ತಿಂಡಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬುದ್ಧನ ಗುಡಿಗೆ ಹೋದರೆ ಚಪ್ಪಲಿ ಬಿಡಬೇಕು. ಕಲ್ಲು ಕಾದಿರುತ್ತದೆ, ಬೆಳಗ್ಗೆಯೇ ಹೋಗುವುದು ಒಳ್ಳೆಯದು. ಕಾಯಿ ಒಡೆಯುವುದಿಲ್ಲ, ಮಂಗಳಾರತಿ ಇಲ್ಲ. ಹೂವಿಟ್ಟು ಸುಮ್ಮನೆ ಕೂತು ಎದ್ದು ಬರುತ್ತಾರೆ. ಒಂದು ಕಡೆ ಬುದ್ಧ ಮಲಗಿದ್ದಾನೆ. ಅಷ್ಟು ದೊಡ್ಡ ದೇವರು ಹಾಯಾಗಿ ಮಲಗಿರುವುದನ್ನು ನಾನು ಅಲ್ಲೇ ನೋಡಿದ್ದು. ನಮ್ಮ ದೇವರುಗಳಿಗೆ ಬಿಡುವೇ ಇಲ್ಲ ಅನ್ನಿಸಿತು.

ಊಟಕ್ಕೆ ಕೆಂಪಕ್ಕಿ ಅನ್ನ, ಎಲ್ಲದಕ್ಕೂ ತೆಂಗಿನಕಾಯಿ, ಒಣಮೀನು. ಬೆಳಗ್ಗೆ ನಮ್ಮ ಒತ್ತುಶ್ಯಾವಿಗೆಯಂಥದ್ದನ್ನೇ ಮಾಡುತ್ತಾರೆ, ಆದರೆ ಪುಟ್ಟಪುಟ್ಟ ತಟ್ಟೆಯಂತೆ ಒತ್ತಿ ಬೇಯಿಸುತ್ತಾರೆ. ಅದನ್ನು ತಿನ್ನಿ. ಕಾಫಿ ಮಾತ್ರ ಕೇಳಬೇಡಿ. ಹಿಂದೆ ಆ ಬೆಟ್ಟಗಳಲ್ಲೆಲ್ಲ ಕಾಫಿಯೇ ಇತ್ತಂತೆ, ಎಲೆಗೆ ತುಕ್ಕುರೋಗ ಬಂದು ಪೂರಾ ಹಾಳಾಯಿತಂತೆ. ಹಾಳಾದದ್ದರ ಸಿಟ್ಟು ಅಲ್ಲಿನವರ ಕಾಫಿಯಲ್ಲಿ ಇನ್ನೂ ಇದೆ. ಅಮ್ಮಾವ್ರಿಗೆ ದಿನಾ ತಲೆನೋವು. ಮೇಲಿನ ಬೆಟ್ಟಕ್ಕೆ ಹೋಗುವವರು ಜಿಗಣೆಗೆ ಹೊಗೆಸೊಪ್ಪು ಸುಣ್ಣದ ಬಟ್ಟೆ ಇಟ್ಟುಕೊಳ್ಳಬೇಕು. ಅಲ್ಲಿನ ಜಿಗಣೆಯೂ ನಮ್ಮದರಂತೆಯೇ, ಸಾಹುಕಾರರು ಕೂಲಿಯವರು ಅಂತ ನೋಡುವುದಿಲ್ಲ.

ಟೀ ಬೆಟ್ಟವನ್ನು ನೋಡಲೇಬೇಕು. ನಮ್ಮ ತೋಟದಲ್ಲಿ ಮೇಲೆ ಮರ, ಕೆಳಗೆ ಗಿಡ, ನಡುವೆ ನಾವು. ನೆರಳಿನಲ್ಲಿ ಮೈಮುರಿದು ನಿಂತರೆ ಮೇಸ್ತ್ರಿಗೆ ಕಾಣುವುದಿಲ್ಲ. ಅಲ್ಲಿ ಗುಡ್ಡಕ್ಕೆ ಗುಡ್ಡವೇ ಕ್ಷೌರ ಮಾಡಿದ ಹಾಗಿದೆ. ಸೊಂಟದೆತ್ತರದ ಗಿಡ, ಅದರ ನಡುವೆ ಹೆಂಗಸರು, ಬೆನ್ನಿನ ಬುಟ್ಟಿಯ ಹಗ್ಗ ಹಣೆಗೆ. ಎಲ್ಲಿ ನಿಂತರೂ ಮೇಸ್ತ್ರಿಯ ಕಣ್ಣಿಗೆ ಬೀಳುತ್ತಾರೆ. ಪಟ ತೆಗೆಯುವವರಿಗೆ ಇದು ಚಂದ.

ಒಂದು ಮಧ್ಯಾಹ್ನ ಆ ಸ್ನೇಹಿತರ ಬಂಗಲೆಯಲ್ಲಿ ದೊಡ್ಡವರ ಊಟ ಮುಗಿಯುವ ಲಕ್ಷಣವೇ ಇರಲಿಲ್ಲ. ಅದಾದ ಮೇಲೆ ನಮ್ಮಂಥವರದ್ದು. ಕೂಸನ್ನು ಎತ್ತಿಕೊಂಡು ಗುಡ್ಡಕ್ಕೆ ಹೋದೆ. ಟೀ ಕೀಳುವುದನ್ನು ನೋಡುತ್ತ ನಿಂತು, ಇದೇನು ಮಹಾ ಅಂತ ನಾನೂ ಒಂದು ಗಿಡಕ್ಕೆ ಕೈ ಹಾಕಿದೆ. ನಮ್ಮಲ್ಲಿ ಕೊನೆಯ ಕುಯ್ಲಿಗೆ ಕಾಫಿ ರೆಂಬೆಯನ್ನು ಬುಡದಲ್ಲಿ ಹಿಡಿದು ತುದಿಯವರೆಗೆ ಒಂದೇ ಸಲ ಸವರಿ ಇಳಿಸುತ್ತೇವಲ್ಲ, ಕೈ ಅದನ್ನೇ ಮಾಡಿತು. ಹಳೆ ಎಲೆ, ಹೊಸ ಎಲೆ, ಕಡ್ಡಿ, ಎಲ್ಲ ನನ್ನ ಮುಷ್ಟಿಯಲ್ಲಿ. ರೆಂಬೆ ಬೋಳು. ಪಕ್ಕದ ಹೆಂಗಸು ಕಿರುಚಿ ನನ್ನ ಕೈಗೆ ಪಟಾರನೆ ಹೊಡೆದಳು. ನನಗಿಂತ ಹತ್ತಿಪ್ಪತ್ತು ವರ್ಷ ದೊಡ್ಡವಳು, ಎರಡೂ ಹೊಳ್ಳೆಗೂ ಮೂಗುಬೊಟ್ಟು. ತಮಿಳಿನಲ್ಲಿ ಬೈದಳು. ನಮ್ಮ ಎಸ್ಟೇಟಿನ ಕೂಲಿಮನೆಗಳ ಲೈನಿನಲ್ಲೂ ತಮಿಳರು ಇದ್ದದ್ದರಿಂದ ಬೈಗುಳ ಪೂರ್ತಿ ಅರ್ಥವಾಯಿತು. ನನ್ನ ಅಪ್ಪ ಮೇಕೆಯೇ ಅಂತ ಕೇಳುತ್ತಿದ್ದಳು.

ನಾನು ಹಳೆ ಎಲೆಗಳನ್ನು ಸೆರಗಿಗೆ ಹಾಕಿಕೊಂಡು, ಮೇಕೆ ಕೂಗಿದ ಹಾಗೆ ಕೂಗಿದೆ. ಅವಳು ನಕ್ಕಳು. ಸುತ್ತ ಇದ್ದವರೂ ನಕ್ಕರು. ಆಮೇಲೆ ತುದಿಯ ಎಳೆ ಎಲೆ ಮಾತ್ರ ಹೇಗೆ ಚಿವುಟಬೇಕೆಂದು ತೋರಿಸಿದಳು. ಊಟದ ಗಂಟೆ ಹೊಡೆಯಿತು. ಅವಳು ಬಟ್ಟೆಯ ಗಂಟು ಬಿಚ್ಚಿ ಕಾಯಿ ಹಾಕಿ ತಟ್ಟಿದ ದಪ್ಪ ರೊಟ್ಟಿ ತೆಗೆದು, ಅರ್ಧ ಮುರಿದು, ಮೇಲೆ ಕೆಂಪು ಖಾರದ ಚಟ್ನಿ ಇಟ್ಟು ಕೊಟ್ಟಳು. ನಾನು ತಿಂದೆ. ಹಸಿವಾಗಿತ್ತು, ರುಚಿಯಾಗಿತ್ತು. ಅಷ್ಟರಲ್ಲಿ ಕೊಡೆ ಹಿಡಿದು ಕೂಸನ್ನು ಹುಡುಕುತ್ತ ಬಂದ ಅಮ್ಮಾವ್ರು, ‘ಏನೇ ಅದು ಘಮಘಮ ಅಂತಿದೆ, ಇತ್ತ ಕೊಡು’ ಅಂತ ನನ್ನ ಕೈಯಿಂದ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ಇನ್ನೊಂದು ತುಂಡೂ ಮುರಿದರು.

ಇಷ್ಟೇ ನಡೆದದ್ದು. ಊರಿಗೆ ಬಂದೆವು, ಮಳೆ ಹಿಡಿಯಿತು.

ಸಕಲೇಶಪುರದಲ್ಲಿ ಎಸ್ಟೇಟಿನ ಮನೆಗಳ ಅಮ್ಮಂದಿರು ಆಗಾಗ ಒಂದು ಕಡೆ ಸೇರುತ್ತಿದ್ದರು. ಸಿಲೋನಿಗೆ ಹೋಗಬೇಕೆಂದಿರುವವರಿಗೆ ಎಲ್ಲ ತಿಳಿಸಿಕೊಡಿ ಅಂತ ನಮ್ಮ ಅಮ್ಮಾವ್ರನ್ನು ಕೇಳಿದರು. ಅವರು ಚೆನ್ನಾಗಿಯೇ ಮಾತಾಡಿದರು. ನಾನು ಪಕ್ಕದಲ್ಲಿ ನಿಂತು, ಅವರು ಹೇಳಿದ ಹಾಗೆ ಕವಡೆ, ಮರದ ಆನೆ, ಟೀ ಪೊಟ್ಟಣ ಒಂದೊಂದೇ ಎತ್ತಿ ತೋರಿಸುತ್ತಿದ್ದೆ. ಕೊನೆಗೆ ಎಲ್ಲರನ್ನೂ ನಗಿಸಬೇಕೆಂದು ಅಮ್ಮಾವ್ರು, ‘ನಮ್ಮ ಈ ಹುಡುಗಿ ಇದ್ದಾಳಲ್ಲ, ಲೈನಿನ ಹೆಂಗಸಿನ ಗಂಟಿನಿಂದಲೇ ರೊಟ್ಟಿ ತಿಂದು ಬಂದಳು, ಜಾತಿ ಇಲ್ಲ ನೀತಿ ಇಲ್ಲ’ ಅಂದರು. ಎಲ್ಲರೂ ನಕ್ಕರು. ತಾವು ತಿಂದದ್ದನ್ನು ಹೇಳಲಿಲ್ಲ. ನಾನು ಮರದ ಆನೆಯನ್ನು ಹಿಡಿದು ನಿಂತಿದ್ದೆ.

ಬಾಗಿಲಲ್ಲಿ ನಮ್ಮೂರಿನವಳೇ ಒಬ್ಬಳು ಇದ್ದಳು, ಇನ್ನೊಂದು ಮನೆಯ ಕೆಲಸದವಳು. ನಾನು ಊರು ಮುಟ್ಟುವುದರೊಳಗೆ ರೊಟ್ಟಿ ಊರು ಮುಟ್ಟಿತ್ತು.

ನಮ್ಮಲ್ಲಿ ನಾಟಿ ಮಾಡುವುದು ಮುಯ್ಯಾಳಿನಲ್ಲಿ. ಇವತ್ತು ನಾವೆಲ್ಲ ಸೇರಿ ನಿಮ್ಮ ಗದ್ದೆ ನೆಟ್ಟರೆ, ನಾಳೆ ನೀವೆಲ್ಲ ನಮ್ಮ ಗದ್ದೆಗೆ ಇಳಿಯಬೇಕು. ಕೂಲಿ ಇಲ್ಲ, ಆಳಿಗೆ ಆಳು. ತೆಗೆದುಕೊಂಡ ಮುಯ್ಯಿ ತೀರಿಸದೆ ಇದ್ದವರು ನಾನು ಕಂಡ ಹಾಗೆ ಯಾರೂ ಇಲ್ಲ. ನಮ್ಮ ತುಂಡು ಗದ್ದೆ ನೆಡುವುದೂ ಇಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಬಿತ್ತಿದ ಮಡಿಯಲ್ಲೇ ಸಸಿ ಬಲಿತುಬಿಟ್ಟರೆ ಆಮೇಲೆ ನೆಟ್ಟರೂ ಒಂದೇ, ಬಿಟ್ಟರೂ ಒಂದೇ.

ನಮ್ಮ ಕುಲದ ಯಜಮಾನ ನಮಗೆ ವರಸೆಯಲ್ಲಿ ದೊಡ್ಡಪ್ಪ. ಅವನ ಗದ್ದೆಯ ನಾಟಿಯ ಹಿಂದಿನ ದಿನ, ಇನ್ನೂ ಬೆಳಕಿರುವಾಗಲೇ, ನಮ್ಮನ್ನು ಅವನ ಮನೆಯ ಜಗಲಿಗೆ ಕರೆಸಿದರು. ಗಂಡಸರು ಜಗಲಿಯ ಮೇಲೆ, ಹೆಂಗಸರು ಒಳಬಾಗಿಲ ಹಿಂದೆ, ನಾನೂ ಅವ್ವನೂ ಅಂಗಳದಲ್ಲಿ ಮಳೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು.

‘ಯಾರ್ ಕೈಲಿ ತಿಂದೆ ಹೇಳವ್ವ’ ಅಂದ ದೊಡ್ಡಪ್ಪ.

‘ಟೀ ಕೀಳೋ ಹೆಂಗ್ಸು.’

‘ಯಾವ ಕುಲ?’

‘ಕೇಳ್ನಿಲ್ಲ.’

‘ಯಾಕ್ ಕೇಳ್ನಿಲ್ಲ?’

‘ಅವ್ಳೂ ನನ್ನ ಕುಲ ಕೇಳ್ನಿಲ್ಲ ದೊಡ್ಡಪ್ಪ. ಅಪ್ಪ ಮೇಕೆನಾ ಅಂತ ಮಾತ್ರ ಕೇಳಿದ್ಲು.’

ಬಾಗಿಲ ಹಿಂದೆ ಯಾರೋ ಕಿಸಕ್ಕೆಂದರು. ದೊಡ್ಡಪ್ಪ ಆ ಕಡೆ ನೋಡಿ, ಮತ್ತೆ ನನ್ನ ಕಡೆ ತಿರುಗಿದ. ‘ನಗಾಡೋ ಮಾತಲ್ಲ ಕಣಮ್ಮಿ. ಕುಲಕ್ಕೊಂದು ರೀತಿ ಐತೆ. ನಾಳೆ ಬೆಳಗ್ಗೆ ಊರ ಕಟ್ಟೆತಾವ ಕೆಂಡದಲ್ಲಿ ಎಕ್ಕದ ಕಡ್ಡಿ ಕಾಯಿಸ್ತೀವಿ. ನಾಲ್ಗೆಗೆ ಮುಟ್ಟಿಸ್ಕ, ತೀರ್ಥ ತಗ, ಮೈಲ್ಗೆ ಕಳೀತು, ಮುಗೀತು. ಇಲ್ದಿದ್ರೆ ನಿಮ್ ಗದ್ದೆಗೆ ಒಬ್ರೂ ಇಳಿಯಾಕಿಲ್ಲ. ನೀವೂ ಯಾರ್ ಗದ್ದೆಗೂ ಇಳಿಯಂಗಿಲ್ಲ.’

ಅವ್ವ ನನ್ನ ತೋಳು ಹಿಡಿದಳು. ‘ಒಂದ್ ಗಳಿಗೆ ಕಣೇ. ಚುರ್ ಅನ್ನತ್ತೆ, ಹೋಗತ್ತೆ. ಸಸಿ ಬಲಿತ್ಬುಟ್ರೆ ಏನ್ ತಿನ್ನದು?’

ಅವ್ವನ ಮಾತಿನಲ್ಲಿ ಸುಳ್ಳಿರಲಿಲ್ಲ. ಮಡಿಯಲ್ಲಿ ಸಸಿ ಆಗಲೇ ಮೊಣಕಾಲು ಮುಟ್ಟುತ್ತಿತ್ತು.

‘ಅಮ್ಮಾವ್ರೂ ತಿಂದ್ರು ಅದೇ ರೊಟ್ಟಿಯ. ನನ್ನ ಕೈಯಿಂದ್ಲೇ ಕಿತ್ಕಂಡ್ ತಿಂದ್ರು’ ಅಂದೆ. ‘ನೀವೆಲ್ಲ ಮೊನ್ನೆ ಅವ್ರ ಮನೆ ಹಬ್ಬದೂಟಕ್ಕೆ ಹೋಗಿ ಎಲೆ ಬಳ್ಕೊಂಡ್ ತಿಂದ್ ಬಂದ್ರಲ್ಲ. ಮೊದ್ಲು ಅವ್ರ ನಾಲ್ಗೆಗೆ ಮುಟ್ಟಿಸ್ಬುಟ್ಟು ಬನ್ನಿ. ಆಮೇಲೆ ನಾನೇ ಬಾಯಿ ತೆಗೀತೀನಿ.’

‘ಅವ್ರ ಮಾತು ಬ್ಯಾರೆ, ಅವ್ರು ದೊಡ್ಡೋರು.’

‘ನಾಲ್ಗೆ ಏನ್ ದೊಡ್ಡದಾ ಅವ್ರದ್ದು?’

ಜಗಲಿಯ ಮೇಲೆ ಗದ್ದಲವಾಯಿತು. ಒಬ್ಬ, ಗಂಡನ ಬಿಟ್ಟು ಬಂದವಳ ಬಾಯಿ ಹೀಗೇ ಇರುತ್ತದೆ ಅಂದ. ಗಂಡನನ್ನು ಬಿಟ್ಟದ್ದು ಬಾಯಿಂದಲ್ಲ, ಕೈಯಿಂದ, ನಿನಗೂ ಬೇಕಾ ಅಂದೆ. ಆಗ ಒಳಬಾಗಿಲು ತೆಗೆದುಕೊಂಡು ದೊಡ್ಡಪ್ಪನ ತಾಯಿ ಹೊರಗೆ ಬಂದಳು. ಬೆನ್ನು ಬಗ್ಗಿದ ಮುದುಕಿ. ಊರಿನ ಪಂಚಾಯಿತಿಯಲ್ಲಿ ಹೆಂಗಸರು ಮಾತಾಡುವ ಹಾಗಿರಲಿಲ್ಲ. ಆದರೆ ಆ ಅಜ್ಜಿಗೆ ಬಾಯಿಮುಚ್ಚು ಅನ್ನುವವರು ಯಾರೂ ಉಳಿದಿರಲಿಲ್ಲ.

‘ಏ ಅಮ್ಮಿ, ರಾವಣನ್ ಮನೆ ನೋಡಿದ್ಯೇನೇ?’ ಅಂದಳು.

‘ಇಲ್ಲ ಅಜ್ಜಿ. ಅವ್ನ ಕಡೆಯೋರು ಯಾರೂ ಸಿಗ್ನಿಲ್ಲ.’

‘ಹತ್ತ್ ತಲೆಯೋರು ಯಾರೂ ಇಲ್ವಾ?’

‘ಎಲ್ರಿಗೂ ಒಂದೇ ತಲೆ. ನಮ್ ಥರವೇ ಅದ್ರಲ್ಲೂ ಹೇನು.’

‘ಹೆಂಗ್ಸ್ರು ಗದ್ದೆ ನೆಡ್ತಾರಾ?’ ಇದು ಒಳಗಿನಿಂದ ಇನ್ನೊಂದು ದನಿ.

‘ನೆಡ್ತಾರೆ. ನಮ್ಮಂಗೇ ಬಗ್ಗಿ, ನಮ್ಮಂಗೇ ಸೊಂಟ ಹಿಡ್ಕೊಂಡು ಬೈತಾರೆ. ರೈಲ್ನಿಂದ ನೋಡ್ದೆ.’

‘ಸಮುದ್ರದ್ ನೀರು ನಿಜ್ವಾಗ್ಲೂ ಉಪ್ಪಾ?’ ‘ಮದ್ವೇಲಿ ಊಟಕ್ಕೆ ಏನ್ ಹಾಕ್ತಾರೆ?’ ‘ಆ ರೊಟ್ಟಿಗೆ ಕಾಯಿ ತುರ್ದು ಹಾಕದಾ, ರುಬ್ಬಿ ಹಾಕದಾ?’

ಒಂದರ ಮೇಲೊಂದು ಕೇಳತೊಡಗಿದರು. ತುರಿದು ಹಾಕುವುದು ಅಂದೆ, ಕಲಸುವುದನ್ನು ಕೈಯಲ್ಲೇ ತೋರಿಸಿದೆ. ಸಕಲೇಶಪುರದಲ್ಲಿ ಅಮ್ಮಾವ್ರ ಮಾತು ಕೇಳಿದವರು ಕುರ್ಚಿಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ಇಲ್ಲಿನವರು ಸಕಲೇಶಪುರವನ್ನೇ ಸರಿಯಾಗಿ ನೋಡಿದವರಲ್ಲ, ಎಲ್ಲಿಗೂ ಹೋಗುವವರೂ ಅಲ್ಲ. ಕೇಳಿದ ರೀತಿ ನೋಡಿದರೆ ನಾಳೆಯೇ ಹೊರಡುವವರ ಹಾಗಿತ್ತು. ದೊಡ್ಡಪ್ಪ ಜಗಲಿಯ ಕಂಬಕ್ಕೆ ಕೈಯಿಂದ ಹೊಡೆದು ‘ಪಂಚಾಯ್ತಿನೋ ಹರಟೆನೋ ಇದು?’ ಅಂತ ಕೂಗಿದ. ಹೆಂಗಸರು ಬಾಗಿಲ ಹಿಂದಕ್ಕೆ ಸರಿದರು. ಅಜ್ಜಿಯೂ ಒಳಗೆ ಹೋದಳು.

‘ಬೆಳಗ್ಗೆ ಕಟ್ಟೆತಾವ ಬಾ. ಬಂದ್ರೆ ನಿಮ್ಮ ಗದ್ದೆ ಐತೆ, ಇಲ್ದಿದ್ರೆ ಇಲ್ಲ’ ಅಂದ ದೊಡ್ಡಪ್ಪ.

ದಾರಿಯುದ್ದಕ್ಕೂ ಅವ್ವ ಅತ್ತಳು, ಬೈದಳು. ‘ಸತ್ತೋದ ನಿಮ್ಮಪ್ಪನ ಗದ್ದೆಯ ನಿನ್ನ ಜಂಬಕ್ಕೆ ಬೀಳು ಹಾಕ್ತೀಯಲ್ಲೇ’ ಅಂದಳು. ನಾನು ನಾಲಿಗೆಯನ್ನು ಹಲ್ಲಿನ ಹಿಂದೆ ಸವರಿ ನೋಡಿಕೊಂಡೆ. ಸುಡಿಸಿಕೊಳ್ಳುವುದು ದೊಡ್ಡದಲ್ಲ. ಒಲೆ ಮುಂದೆ ದಿನಾ ಕೈ ಸುಟ್ಟುಕೊಳ್ಳುವವರು ನಾವು. ಆದರೆ ಸುಡಿಸಿಕೊಂಡರೆ, ಆ ಹೆಂಗಸು ಕೊಟ್ಟದ್ದು ಹೊಲಸು ಅಂತ ನಾನೇ ಒಪ್ಪಿದ ಹಾಗಾಗುತ್ತದೆ. ಅವಳು ತನ್ನ ಮಧ್ಯಾಹ್ನದ ಊಟದಲ್ಲಿ ಅರ್ಧ ಮುರಿದು ಕೊಟ್ಟಿದ್ದಳು. ಗದ್ದೆ ಹೋಗುವುದು ಬೇಡ, ನಾಲಿಗೆಯನ್ನೂ ಕೊಡುವುದಿಲ್ಲ. ಎರಡೂ ಬೇಕು ನನಗೆ. ಯಾಕೆ ಬೇಡ?

ಬೆಳಗ್ಗೆ ಎದ್ದವಳು ಕಟ್ಟೆಯ ದಾರಿ ಹಿಡಿಯಲಿಲ್ಲ. ಕಂಬಳಿ ಕೊಪ್ಪೆ ಹಾಕಿ, ಸೀರೆ ಮೇಲಕ್ಕೆ ಕಟ್ಟಿ, ಹಳ್ಳದ ಬದುವಿನ ಮೇಲೆ ನಡೆದು ನೇರ ದೊಡ್ಡಪ್ಪನ ಗದ್ದೆಗೆ ಹೋದೆ. ಊರೆಲ್ಲ ನನ್ನನ್ನು ಕಾಯುತ್ತ ಕಟ್ಟೆಯ ಹತ್ತಿರ ಸೇರಿದ್ದರಿಂದ ಗದ್ದೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕೆಸರು ಹದವಾಗಿತ್ತು. ಹಿಂದಿನ ದಿನವೇ ಕಿತ್ತ ಸಸಿಯ ಕಟ್ಟುಗಳು ಅಲ್ಲಲ್ಲಿ ನೀರಿನಲ್ಲಿ ಬಿದ್ದಿದ್ದವು. ಒಂದನ್ನು ಬಿಚ್ಚಿ, ಮೂಲೆಯಿಂದ ನೆಡಲು ಶುರುಮಾಡಿದೆ. ದೊಡ್ಡಪ್ಪ ಈಗ ನಾನು ನೆಟ್ಟ ಸಸಿಯನ್ನು ಕಿತ್ತು ಎಸೆಯಬೇಕು, ಇಲ್ಲವೇ ಆ ಭತ್ತದ ಅನ್ನವನ್ನು ಉಂಡು ನಮ್ಮ ಗದ್ದೆಗೆ ಮುಯ್ಯಿ ತೀರಿಸಬೇಕು. ಅವನಿಗೆ ಬೇರೆ ದಾರಿ ಇಲ್ಲದ ಹಾಗೆ ಬೇಗ ಬೇಗ ನೆಟ್ಟೆ. ಸ್ವಲ್ಪ ಹೊತ್ತಿಗೆ ಹಿಂದೆ ಕೆಸರಿನ ಸದ್ದಾಯಿತು. ಅವ್ವ. ಬೈಯುತ್ತಲೇ ಇಳಿದಳು, ಬೈಯುತ್ತಲೇ ಒಂದು ಕಟ್ಟು ಬಿಚ್ಚಿದಳು.

ಗದ್ದೆಯ ಪೂಜೆಗೆಂದು ತಟ್ಟೆ ಹಿಡಿದು ಮೊದಲು ಬಂದವಳು ಅಜ್ಜಿ. ಬದುವಿನ ಮೇಲೆ ನಿಂತು ನಾವು ನೆಟ್ಟದ್ದನ್ನು ಉದ್ದಕ್ಕೂ ನೋಡಿದಳು. ಅವಳ ಹಿಂದೆ ದೊಡ್ಡಪ್ಪ, ಅವನ ಹಿಂದೆ ಊರು. ದೊಡ್ಡಪ್ಪನ ಕೈಯಲ್ಲಿ ಕೆಂಡದ ಹಂಚು, ಮಳೆ ಬಿದ್ದು ಚುಂಯ್‌ಗುಟ್ಟುತ್ತಿತ್ತು.

‘ನಾ ನೆಟ್ಟದ್ದು ಬ್ಯಾಡ್ದಿದ್ರೆ ಕಿತ್ಕಂಬುಡಿ ದೊಡ್ಡಪ್ಪ’ ಅಂದೆ, ಬೆನ್ನೆತ್ತದೆ.

ಯಾರೂ ಇಳಿಯಲಿಲ್ಲ. ಅಜ್ಜಿ ತಟ್ಟೆಯನ್ನು ಬದುವಿನ ಮೇಲಿಟ್ಟಳು.

‘ಏ ಅಮ್ಮಿ, ಒತ್ತೊತ್ತಾಗಿ ಹಾಕ್ತಾ ಇದ್ದೀಯಲ್ಲೇ’ ಅಂದಳು. ‘ನಮ್ಮನೆ ಸಸಿ ಅಂತ ದುಂದು ಮಾಡ್ಬ್ಯಾಡ. ಬಿಡಿಬಿಡಿಯಾಗಿ ನೆಡು.’ ಆಮೇಲೆ ಹಿಂದೆ ತಿರುಗಿ ಹೆಂಗಸರಿಗೆ, ‘ನೀವೇನ್ ಜಾತ್ರೆ ನೋಡ್ತೀರಾ, ಇಳೀರೇ’ ಅಂದಳು.

ನಾನು ಕೈಯಲ್ಲಿದ್ದ ಸಸಿಯನ್ನು ಕೆಸರಿಗೆ ಒತ್ತಿದೆ. ಮುಂದಿನದನ್ನು ಒಂದು ಗೇಣು ಆಚೆಗೆ ನೆಟ್ಟೆ.